ಕುಂಬಾದದ್ದು ಕಂಬದ ಕಾಲು: ಜಗಲಿಯ ಒಂದು ಮರಗಂಬ ಬದಲಿಸಿದ ಪ್ರಕರಣ

ನವೆಂಬರ್ ಕೊನೆಯ ವಾರ. ಜಗಲಿಯಲ್ಲಿದ್ದ ಅಡಿಕೆ ಮೂಟೆಗಳನ್ನು ಪಿಕಪ್‌ಗೆ ಹಾಕುತ್ತಿದ್ದಾಗ ಒಂದು ಮೂಟೆಯ ಮೂಲೆ ಎರಡನೇ ಕಂಬದ ಬುಡಕ್ಕೆ ತಾಗಿತು. ಜೋರಾಗೇನೂ ತಾಗಿದ್ದಲ್ಲ. ಆದರೆ ತಾಗಿದ ಕಡೆ ಅಂಗೈಯಗಲದ ಎನಾಮಲ್ ಬಣ್ಣ ಮೊಟ್ಟೆಸಿಪ್ಪೆಯ ಹಾಗೆ ಒಳಕ್ಕೆ ಕುಸಿಯಿತು. ಬೆರಳು ಹಾಕಿ ನೋಡಿದೆ. ಒಳಗೆ ಮರ ಇರಲಿಲ್ಲ. ಚೌಕಚೌಕವಾಗಿ ಬಿರಿದ, ಹಿಚುಕಿದರೆ ಕಾಫಿಪುಡಿಯಂತಾಗುವ ಕಂದು ತುಂಡುಗಳಿದ್ದವು. ಮೇಲ್ಗಡೆ ಕಂಬ ಮಾತ್ರ ಹಿಂದಿನ ದಿನ ಇದ್ದ ಹಾಗೆಯೇ ಹೊಳೆಯುತ್ತ ನಿಂತಿತ್ತು.

ನಮ್ಮದು ತೀರ್ಥಹಳ್ಳಿ ತಾಲೂಕು, ಆಗುಂಬೆಯ ದಿಕ್ಕಿಗೆ. ವರ್ಷಕ್ಕೆ ಸರಾಸರಿ 7000 ಮಿ.ಮೀ. ದಾಟುವ ಆಗುಂಬೆಯ ಮಳೆಯಷ್ಟು ನಮ್ಮಲ್ಲಿ ಬೀಳುವುದಿಲ್ಲ. ಆದರೂ ಆರಿದ್ರಾ ಹಿಡಿದರೆ ಆಶ್ಲೇಷದವರೆಗೆ ಅಂಗಳ ಒಣಗುವ ಮಾತಿಲ್ಲ. ಮನೆ ಕಟ್ಟಿಸಿದ್ದು ಅಜ್ಜ, 1958ರ ಸುಮಾರಿಗೆ. ತೋಟದ ಕಣಿವೆ ಪಡುವಣಕ್ಕಿರುವುದರಿಂದ ಮನೆಯ ಮುಖವೂ ಪಡುವಣಕ್ಕೇ. ಮಳೆಗಾಳಿ ಬರುವುದೂ ಅದೇ ದಿಕ್ಕಿನಿಂದ. ಜಗಲಿಗೆ ನಾಲ್ಕು ಹೆಬ್ಬಲಸಿನ ಕಂಬ, ಪ್ರತಿಯೊಂದರ ನೆತ್ತಿಯ ಮೇಲೆ ತೊಲೆ ಹೊರುವ ಅಡ್ಡಮರ ಅಂದರೆ ಬೋದಿಗೆ, ಬೋದಿಗೆಯ ಮೇಲೆ ಉದ್ದಕ್ಕೆ ತೊಲೆ, ತೊಲೆಯ ಮೇಲೆ ಹಾದು ಸೂರಿನವರೆಗೆ ಇಳಿಯುವ ಪಕಾಸಿಗಳು, ಅವುಗಳಿಗೆ ಅಡ್ಡಕ್ಕೆ ಹಂಚು ಕೂರುವ ರೀಪು ಪಟ್ಟಿ, ಮಂಗಳೂರು ಹಂಚು. ಮಲೆನಾಡಿನಲ್ಲಿ ಸಾವಿರಗಟ್ಟಲೆ ಮನೆಗಳು ಹೀಗೇ ಇವೆ. ಆದ್ದರಿಂದ ನನ್ನ ಕಂಬಕ್ಕೆ ಆದದ್ದು ಇನ್ನೂ ಎಷ್ಟೋ ಕಂಬಗಳಿಗೆ ಬಣ್ಣದ ಹಿಂದೆ ಈಗ ಆಗುತ್ತಿರಬಹುದು ಎಂದು ಈ ವಿವರಗಳನ್ನು ಬರೆದಿಡುತ್ತಿದ್ದೇನೆ.

ಒರಲೆಯೋ, ಕುಂಬೋ

ಬಂದವರೆಲ್ಲ ನೋಡಿ "ಒರಲೆ ಹಿಡಿದಿದೆ" ಅಂದರು. ಒರಲೆಗೆ ಔಷಧಿ ಹೊಡೆಸಿ, ಬುಡಕ್ಕೆ ಒಂದಷ್ಟು ಕಾಂಕ್ರೀಟು ತುಂಬಿಸಿ ಮುಗಿಸು ಎಂಬ ಸಲಹೆಯೂ ಬಂತು. ಮೊದಲು ಕಾರಣ ಗೊತ್ತಾಗದೆ ಮರಕ್ಕೆ ಕೈ ಹಾಕುವುದು ಬೇಡ ಅನಿಸಿತು. ಒರಲೆ ಬಂದಿದ್ದರೆ ಮಣ್ಣಿನ ಕೊಳವೆ ಇರಬೇಕು, ತಿಂದ ಜಾಗದಲ್ಲಿ ಮಣ್ಣು ಮೆತ್ತಿರಬೇಕು. ಇಲ್ಲಿ ಎರಡೂ ಇರಲಿಲ್ಲ. ಮರ ಅಡ್ಡಡ್ಡ ಬಿರಿದು ದಾಳದ ಆಕಾರದಲ್ಲಿ ಒಡೆದಿತ್ತು. ಅದು ಕುಂಬಿನ ಲಕ್ಷಣ. ಕುಂಬು ಎಂದರೆ ಶಿಲೀಂಧ್ರದ ಕೆಲಸ. ಈ ಜಾತಿಯದು ಮರದ ನಾರಿನಲ್ಲಿರುವ ಸೆಲ್ಯುಲೋಸನ್ನು ತಿಂದು ಮುಗಿಸಿ, ಕಂದು ಬಣ್ಣದ ಲಿಗ್ನಿನ್ನನ್ನು ಬಿಟ್ಟುಹೋಗುತ್ತದೆ. ಆಕಾರ ಉಳಿಯುತ್ತದೆ, ಶಕ್ತಿ ಉಳಿಯುವುದಿಲ್ಲ.

ಶಿಲೀಂಧ್ರಕ್ಕೆ ನೀರು ಬೇಕು. ಒಣ ಮರದ ತೂಕದ ನೂರಕ್ಕೆ ಇಪ್ಪತ್ತರೊಳಗೆ ನೀರಿನಂಶ ಇದ್ದರೆ ಕುಂಬು ಹಿಡಿಯುವುದಿಲ್ಲ. ಮೂವತ್ತರ ಆಸುಪಾಸಿಗೆ ಏರಿ ಅಲ್ಲೇ ನಿಂತರೆ ಅದಕ್ಕೆ ಹಬ್ಬ. ಎರಡು ಸೂಜಿ ಚುಚ್ಚಿ ತೇವ ಅಳೆಯುವ ಸಣ್ಣ ಮೀಟರೊಂದನ್ನು ತರಿಸಿದೆ. ಕಂಬದ ನಡುವಿನಲ್ಲಿ 17 ತೋರಿಸಿತು. ಬುಡದಿಂದ ಒಂದು ಗೇಣು ಮೇಲೆ 34. ಮಳೆ ನಿಂತು ತಿಂಗಳಾದ ಮೇಲಿನ ಲೆಕ್ಕ ಇದು. ಮೂವತ್ತು ದಾಟಿದ ಮೇಲೆ ಇಂಥ ಮೀಟರಿನ ಅಂಕಿಯನ್ನು ಅಕ್ಷರಶಃ ನಂಬಬಾರದು, ಆದರೆ ಬುಡಕ್ಕೂ ನಡುವಿಗೂ ಅಷ್ಟು ಅಂತರ ಇದೆ ಎಂಬುದನ್ನು ನಂಬಲೇಬೇಕು. ಹಾಗಾದರೆ ಈ ನೀರು ಎಲ್ಲಿಂದ?

ಒಂದು ಚೊಂಬು ನೀರು ತಂದು ಕಂಬದಿಂದ ಎರಡಡಿ ದೂರದಲ್ಲಿ ನೆಲದ ಮೇಲೆ ಸುರಿದೆ. ನೀರು ಅಂಗಳದ ಕಡೆಗೆ ಹರಿಯಬೇಕಿತ್ತು. ಹರಿಯಲಿಲ್ಲ. ನಿಧಾನಕ್ಕೆ ಕಂಬದ ಸುತ್ತ ಕೂಡಿಕೊಂಡು, ಟೈಲಿಗೂ ಮರಕ್ಕೂ ನಡುವಿನ ಕೂದಲೆಳೆಯ ಸಂದಿನಲ್ಲಿ ಇಳಿದು ಮಾಯವಾಯಿತು. ನಾನು ಕೂತು ನೋಡುತ್ತಿದ್ದ ಹಾಗೆಯೇ ಒಂದು ಚೊಂಬು ನೀರನ್ನು ಕಂಬ ಕುಡಿದಿತ್ತು.

ಆಗ 2008 ನೆನಪಾಯಿತು. ಆ ಬೇಸಿಗೆ ಜಗಲಿಯ ಹಳೆಯ ಕೆಂಪು ಕಾವಿ ನೆಲದ ಮೇಲೆ ಟೈಲ್ಸ್ ಹಾಕಿಸಿದ್ದೆವು. ಹಳೆ ನೆಲ ಒಡೆಯದೆ ಅದರ ಮೇಲೇ ಗಾರೆ ಹರಡಿ ಟೈಲ್ಸ್ ಕೂರಿಸಿದ್ದರಿಂದ ನೆಲ ಮೂರು ಇಂಚು ಏರಿತು. ಅಜ್ಜನ ಕಾಲದಲ್ಲಿ ಕಂಬಗಳೆಲ್ಲ ನೆಲಕ್ಕಿಂತ ಎತ್ತರದ ಅಡಿಗಲ್ಲಿನ ಮೇಲೆ ನಿಂತಿದ್ದವು. ಹೊಸ ನೆಲ ಆ ಕಲ್ಲುಗಳನ್ನು ನುಂಗಿ, ಕಂಬದ ಕಾಲನ್ನೂ ಒಂದಷ್ಟು ನುಂಗಿತು. ಸುತ್ತ ಬಿಳಿ ಸಿಮೆಂಟು ಬಳಿದಾಗ ನೋಡಲು ಅಚ್ಚುಕಟ್ಟಾಗಿ ಕಂಡಿತ್ತು. ನಾನೂ ಒಪ್ಪಿದ್ದೆ. ಅಡಿಗಲ್ಲು ಅಲಂಕಾರವಲ್ಲ, ಮರವನ್ನು ನೀರಿನಿಂದ ಎತ್ತಿ ಹಿಡಿಯುವ ಅಂಗೈ ಎಂಬುದು ಆಗ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಮರದ ನಾರು ಎಂದರೆ ಉದ್ದಕ್ಕೆ ಜೋಡಿಸಿಟ್ಟ ಸಣ್ಣ ಕೊಳವೆಗಳ ಕಟ್ಟು. ಪಕ್ಕದ ಮೈಯಿಂದ ನೀರು ಒಳಗೆ ಹೋಗುವುದು ನಿಧಾನ. ಕೊಯ್ದ ತುದಿಯಿಂದಾದರೆ ಅದರ ಹತ್ತು ಪಟ್ಟು ಬೇಗ ಏರುತ್ತದೆ. ಕಂಬದ ಅಂಥ ತುದಿಯನ್ನು ನಾವು ತೇವದ ಗಾರೆಯಲ್ಲಿ ಹೂತಿದ್ದೆವು. ಮೇಲಿನಿಂದ ಎರಡು ಮೂರು ವರ್ಷಕ್ಕೊಮ್ಮೆ ಎನಾಮಲ್ ಬಳಿಯುತ್ತ ಬಂದೆವು. ಕೆಳಗಿನಿಂದ ಏರಿದ ನೀರು ಪಕ್ಕದಿಂದ ಆರಿಹೋಗಲು ಇದ್ದ ದಾರಿಯನ್ನೂ ಆ ಬಣ್ಣ ಮುಚ್ಚಿತು.

ಇನ್ನೊಂದು ಕಾರಣವನ್ನು ನೆನಪಿಸಿದ್ದು ಅಮ್ಮ. ಹಿಂದೆಲ್ಲ ಮೇ ತಿಂಗಳಲ್ಲಿ ಜಗಲಿಯ ಮುಂದೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಎರಚಲು ನೀರು ಕಂಬಕ್ಕೂ ಗೋಡೆಗೂ ಬಡಿಯದ ಹಾಗೆ. ನೆಲಕ್ಕೆ ಟೈಲ್ಸ್ ಬಂದ ಮೇಲೆ "ನೀರು ಬಿದ್ದರೆ ಒರೆಸಿದರಾಯ್ತು" ಎಂದು ತಟ್ಟಿ ಕಟ್ಟುವುದು ತಪ್ಪಿತು. ಜೊತೆಗೆ ಸೂರಿನ ನೀರು ಹಿಡಿಯುವ ತಗಡಿನ ದೋಣಿಯ ಒಂದು ಸೇರುವೆ ಸರಿಯಾಗಿ ಈ ಎರಡನೇ ಕಂಬದ ಎದುರಿಗೇ ತೊಟ್ಟಿಕ್ಕುತ್ತಿತ್ತು. ಉಳಿದ ಮೂರಕ್ಕಿಂತ ಇದೇ ಮೊದಲು ಸೋತದ್ದಕ್ಕೆ ಅದೇ ಕಾರಣ. ಐವತ್ತು ವರ್ಷ ನೆಟ್ಟಗೆ ನಿಂತ ಮರ ನೆಲ ಎತ್ತರಿಸಿದ ಹದಿನೈದು ವರ್ಷಕ್ಕೆ ಕುಂಬಾಯಿತು. ಕಂಬ ಹಳೆಯದಾಗಿ ಹೋಯಿತು ಎಂದು ಯಾರಾದರೂ ಅಂದರೆ ನಾನೀಗ ಒಪ್ಪುವುದಿಲ್ಲ.

ಭಾರದ ಲೆಕ್ಕ

ಕಂಬ ತೆಗೆಯುವುದಕ್ಕೆ ಮುಂಚೆ ಅದರ ತಲೆಯ ಮೇಲೆ ಎಷ್ಟು ಕೂತಿದೆ ಎಂದು ತಿಳಿಯಬೇಕಿತ್ತು. ಕಂಬದಿಂದ ಕಂಬಕ್ಕೆ 8 ಅಡಿ. ಗೋಡೆಯಿಂದ ತೊಲೆಗೆ 9 ಅಡಿ, ತೊಲೆಯಿಂದಾಚೆ ಸೂರು 3 ಅಡಿ. ಗೋಡೆಗೂ ತೊಲೆಗೂ ನಡುವಿನ ಭಾರದಲ್ಲಿ ಅರ್ಧವನ್ನು ಗೋಡೆ ಹೊರುತ್ತದೆ. ಆದ್ದರಿಂದ ಒಂದು ಕಂಬದ ಪಾಲಿಗೆ 8 ಅಡಿ ಅಗಲ, ಏಳೂವರೆ ಅಡಿ ಉದ್ದದ ಮಾಡು (ಚಾವಣಿ), ಇಳಿಜಾರು ಸೇರಿಸಿದರೆ ಸುಮಾರು 70 ಚದರಡಿ. ಅಷ್ಟಕ್ಕೆ ನೂರರ ಹತ್ತಿರ ಹಂಚು. ಒಂದು ಹಂಚು ಎರಡೂವರೆಯಿಂದ ಮೂರು ಕೆಜಿ, ನೆನೆದಾಗ ಇನ್ನೂ ಸ್ವಲ್ಪ ಹೆಚ್ಚು. ತೊಲೆ, ಪಕಾಸಿ, ರೀಪು ಕೂಡಿಸಿದರೆ ಒಟ್ಟು ಅರ್ಧ ಟನ್ನಿನ ಹತ್ತಿರ.

ಐದೂವರೆ ಇಂಚು ಚೌಕದ ಕಂಬಕ್ಕೆ ಇದು ಭಾರವೇ ಅಲ್ಲ. ಚದರ ಇಂಚಿಗೆ 17 ಕೆಜಿಯೂ ಆಗುವುದಿಲ್ಲ, ಒಣಗಿದ ಗಟ್ಟಿಮರ ಅದರ ಹತ್ತಾರು ಪಟ್ಟು ತಾಳುತ್ತದೆ. ಕಾಲಿನ ಮುಕ್ಕಾಲು ಭಾಗ ಪುಡಿಯಾಗಿದ್ದರೂ ಕಂಬ ಏನೂ ಆಗದ ಹಾಗೆ ನಿಂತಿದ್ದರ ಗುಟ್ಟು ಅದು. ಅಪಾಯವೂ ಅಲ್ಲೇ. ಮಾಡು ಜಗ್ಗುವುದು ಕಣ್ಣಿಗೆ ಬೀಳುವ ಹೊತ್ತಿಗೆ ಉಳಿದಿರುವುದು ಕೊನೆಯ ಕಾಲು ಭಾಗ ಮಾತ್ರ. ನೀರು ತುಂಬಿದ ಪ್ಲಾಸ್ಟಿಕ್ ಪೈಪು ಹಿಡಿದು ಮಟ್ಟ ನೋಡಿದಾಗ ನಮ್ಮ ತೊಲೆ ಎರಡನೇ ಕಂಬದ ಮೇಲೆ 11 ಮಿ.ಮೀ. ಇಳಿದಿತ್ತು.

ಲೆಕ್ಕ ಹಾಕಿದ ಮೇಲೆಯೇ ಈ ಕೆಲಸ ನಾವೇ ಮಾಡಬಹುದು ಎಂದು ತೀರ್ಮಾನಿಸಿದ್ದು. ಒಂದಂತಸ್ತಿನ ಹಂಚಿನ ಮಾಡು, ಹಂಚು ಇಳಿಸಿದರೆ ಭಾರ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಎರಡೂ ಪಕ್ಕ ಊರೆ (ಆನಿಸುಗಂಬ) ಕೊಡಲು ಜಾಗವಿದೆ. ಜಗಲಿಯ ಮೇಲೆ ಉಪ್ಪರಿಗೆ ಇದ್ದಿದ್ದರೆ, ಆರ್‌ಸಿಸಿ ಚಪ್ಪಡಿ ಇದ್ದಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಅಂಥ ಕಡೆ ಇಂಜಿನಿಯರರನ್ನು ಕರೆಯಬೇಕು.

ಮರ ಹುಡುಕಿದ್ದು

ಕುಂಬಾದ ಕಾಲನ್ನಷ್ಟೇ ಕೊಯ್ದು, ಗಟ್ಟಿ ಮರದ ಹೊಸ ಕಾಲು ಬೆಸೆಯಬಹುದೇ ಎಂಬುದು ನನ್ನ ಮೊದಲ ಆಸೆ. ಹಳೆಯ ಮರ ಉಳಿಯುವುದಾದರೆ ಉಳಿಸಬೇಕು ಎಂದೇ ಈಗಲೂ ನಂಬಿದ್ದೇನೆ. ನೆರೆಯೂರಿನ ಹಿರಿಯ ಆಚಾರಿಯೊಬ್ಬರು ಬಂದು ಉಳಿಯ ಹಿಡಿಯಿಂದ ಕಂಬವನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತ ಹೋದರು. ಮೂರಡಿವರೆಗೂ ಸದ್ದು ಟೊಳ್ಳು. ನಡುವಿನ ಹಳೆಯ ಬಿರುಕಿನೊಳಗೆ ಕುಂಬು ಏರಿಹೋಗಿತ್ತು. ಆರಡಿ ಕಂಬದಲ್ಲಿ ಮೂರಡಿ ಕೊಯ್ದು ಬೆಸೆಯುವುದರಲ್ಲಿ ಅರ್ಥವಿಲ್ಲ, ಪೂರ್ತಿ ಬದಲಿಸು ಅಂದರು. ಜಗಲಿಯ ಎತ್ತರದಲ್ಲಿ, ಪಕ್ಕಕ್ಕೆ ಒತ್ತಡ ಬರುವ ನಡುಮಧ್ಯದಲ್ಲಿ ಬೆಸುಗೆ ಇರಬಾರದು ಎಂಬುದು ಅವರ ಮಾತಿನ ತಾತ್ಪರ್ಯ. ಒಪ್ಪಿದೆ.

ಹಸಿ ಮರ ಬೇಡ ಎಂಬುದು ಮೊದಲೇ ಗೊತ್ತಿತ್ತು. ಹಸಿ ಮರ ಒಣಗುತ್ತ ಅಡ್ಡಕ್ಕೆ ಕುಗ್ಗಿ ಬಿರಿಯುತ್ತದೆ, ಆ ಬಿರುಕಿಗೆ ಮತ್ತೆ ನೀರು. ತೇಗ, ಬೀಟೆ ಕಡಿದು ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿಯೂ ಬೇಕು. ಹಳೆ ಮನೆ ಬಿಚ್ಚಿದ ಮರ ಮಾರುವ ಕಡೆ ಹೋಗಿ ಏಳೂವರೆ ಅಡಿಯ ಒಂದು ಹೊನ್ನೆ ತೊಲೆ ಆರಿಸಿದೆ. ದಶಕಗಟ್ಟಲೆ ಅಟ್ಟದಡಿ ಹೊಗೆ ಕುಡಿದು ಒಣಗಿದ್ದು. ಮೀಟರು 12 ತೋರಿಸಿತು. ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ತುಂಬಿದ ಮರ, ಅಂಚಿನಲ್ಲಿದ್ದ ತೆಳು ಬಿಳಿ ಭಾಗವನ್ನು ಪೂರ್ತಿ ಕೆತ್ತಿ ತೆಗೆದೆ. ಬಿಳಿ ಭಾಗಕ್ಕೆ ಕುಂಬನ್ನು ತಡೆಯುವ ಸತ್ವವಿಲ್ಲ, ಎಷ್ಟು ಒಳ್ಳೆಯ ಜಾತಿಯ ಮರವಾದರೂ ಸರಿ. ಹಳೆ ಮರದಲ್ಲಿ ಮುರಿದ ಮೊಳೆ ಹುದುಗಿರುತ್ತದೆ ಎಂದು ಅಯಸ್ಕಾಂತ ಹಿಡಿದು ನೋಡಿಯೂ ಒಂದು ತಪ್ಪಿತು, ಗರಗಸದ ಎಂಟು ಹಲ್ಲು ಹೋದವು.

ಹಳೆ ಕಂಬದ ಮೂಲೆಗಳನ್ನು ನಡುವಿನಲ್ಲಿ ಕೆತ್ತಿ ಎಂಟು ಪಟ್ಟಿ ಮಾಡಿದ್ದರು. ಅದನ್ನೇ ಬಾಚಿ ಮತ್ತು ಉಜ್ಜುಗೊರಡಿನಲ್ಲಿ ಮೂಡಿಸಲು ನನಗೆ ನಾಲ್ಕು ಸಂಜೆ ಹಿಡಿಯಿತು.

ಕಾಲಿನ ಹೊಸ ವ್ಯವಸ್ಥೆ

ಇಡೀ ಕೆಲಸದಲ್ಲಿ ಹೆಚ್ಚು ಯೋಚಿಸಿದ್ದು ಇದರ ಬಗ್ಗೆ. ಹೊಸ ಕಂಬವನ್ನು ಹಳೆಯದರ ಹಾಗೆಯೇ ನಿಲ್ಲಿಸಿದ್ದರೆ ಹದಿನೈದು ವರ್ಷಕ್ಕೆ ಅದೂ ಅದೇ ದಾರಿ ಹಿಡಿಯುತ್ತಿತ್ತು.

ಕಂಬದ ಸುತ್ತ ಟೈಲ್ಸ್ ಕೊಯ್ದು ಗಾರೆ ಬಿಡಿಸಿದಾಗ ಮೂರು ಇಂಚು ಕೆಳಗೆ ಅಜ್ಜನ ಅಡಿಗಲ್ಲು ಸಿಕ್ಕಿತು. ಚೆನ್ನಾಗಿ ಕೆತ್ತಿದ ಕರಿಕಲ್ಲು, ಒಂದಿಷ್ಟೂ ಅಲುಗಿಲ್ಲ. ಕಂಬದ ಕಾಲು ಕೂರಲು ಅದರ ನಡುವೆ ತೋಡಿದ್ದ ಗುಳಿಯಲ್ಲಿ ಮಾತ್ರ ಕಪ್ಪು ಕೆಸರು ತುಂಬಿತ್ತು. ಕಲ್ಲು ನೆಲಕ್ಕಿಂತ ಮೇಲಿದ್ದಾಗ ಈ ಗುಳಿಗೆ ನೀರು ಇಳಿಯುತ್ತಿರಲಿಲ್ಲ. ಹೂತ ಮೇಲೆ ಅದೇ ಬಾವಿಯಾಯಿತು. ಕೆಸರು ತೆಗೆದು, ವಾರ ಒಣಗಲು ಬಿಟ್ಟು, ಗುಳಿಯನ್ನು ಗಾರೆಯಿಂದ ತುಂಬಿದೆ. ಕಲ್ಲನ್ನು ಕೀಳುವ ಮನಸ್ಸಾಗಲಿಲ್ಲ. ಕೀಳುವ ಅಗತ್ಯವೂ ಇರಲಿಲ್ಲ.

ಅದರ ಮೇಲೆ 9 ಇಂಚು ಚೌಕ, 6 ಇಂಚು ಎತ್ತರದ ಹೊಸ ಕರಿಕಲ್ಲು. ಅಂದರೆ ನೆಲದಿಂದ ಮೂರು ಇಂಚು ಮೇಲೆ. ಅದರ ಮೇಲೆ 2 ಇಂಚು ದಪ್ಪದ ಮಣೆಗಲ್ಲು, ಮೇಲ್ಮೈ ನಡುವಿನಿಂದ ಅಂಚಿಗೆ ಸ್ವಲ್ಪ ಇಳಿಜಾರು. ಒಟ್ಟು ನೆಲದಿಂದ 5 ಇಂಚು ಎತ್ತರ. ಮಣೆಗೂ ಮರಕ್ಕೂ ನಡುವೆ 4 ಇಂಚು ಚೌಕದ, 6 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಗಡು. ಕಂಬ ಐದೂವರೆ ಇಂಚು, ತಗಡು ನಾಲ್ಕು ಇಂಚು. ಆದ್ದರಿಂದ ಕಂಬದ ಅಂಚಿನ ಕೆಳಗೆ ಸುತ್ತಲೂ ಗಾಳಿಯಾಡುವ ಸಂದು ಉಳಿಯುತ್ತದೆ. ಮರ ಎಲ್ಲಿಯೂ ಕಲ್ಲನ್ನು ಮುಟ್ಟುವುದಿಲ್ಲ. ಕಂಬದ ಅಂಚಿನಿಂದ ಮುಕ್ಕಾಲು ಇಂಚು ಒಳಗೆ ತಳಭಾಗದಲ್ಲಿ ಸುತ್ತ ಒಂದು ಗೀರು ಕೊರೆದೆ. ಮೈಮೇಲೆ ಇಳಿದ ನೀರು ತಳದಲ್ಲಿ ಒಳಕ್ಕೆ ತೆವಳದೆ ಆ ಗೀರಿನಲ್ಲಿ ತೊಟ್ಟಾಗಿ ಬೀಳಲಿ ಎಂದು. ಕಿಟಕಿಯ ಸಜ್ಜಾದ ಅಡಿಯಲ್ಲಿ ಬಿಡುವ ಗೆರೆಯ ತತ್ವವೇ ಇದು.

ತಳದ ಕೊಯ್ತಕ್ಕೆ ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪು ಎಣ್ಣೆಯನ್ನು ಕರಾವಳಿಯವರು ದೋಣಿಗೆ, ನಮ್ಮವರು ಅಟ್ಟದ ಮರಕ್ಕೆ ಬಳಿಯುತ್ತ ಬಂದಿದ್ದಾರೆ. ಸ್ವಲ್ಪ ಬಿಸಿ ಮಾಡಿ, ದಿನ ಬಿಟ್ಟು ದಿನ ಮೂರು ಸಲ, ಮರ ಇನ್ನು ಹೀರುವುದಿಲ್ಲ ಅನ್ನುವವರೆಗೆ ಕುಡಿಸಿದೆ. ಕೈಗವಸು ಇಲ್ಲದೆ ಅದನ್ನು ಮುಟ್ಟಬಾರದು. ಮುಂಗೈಗೆ ಸಿಡಿದ ಒಂದು ಹನಿ ಎರಡು ದಿನದಲ್ಲಿ ಬೊಬ್ಬೆಯಾಯಿತು, ಹತ್ತು ದಿನ ಉರಿಯಿತು. ಮಕ್ಕಳನ್ನು ಹತ್ತಿರ ಬಿಡಬೇಡಿ.

ಇನ್ನೊಂದು ತೊಡಕು ಇತ್ತು. ಕಂಬದ ನೆತ್ತಿಯಲ್ಲಿ ಒಂದೂವರೆ ಇಂಚಿನ ನಾಲಿಗೆ ಇದೆ, ಅದು ಬೋದಿಗೆಯ ಗುಳಿಯಲ್ಲಿ ಕೂರಬೇಕು. ಹಳೆಯದನ್ನು ನಡುವಿಗೆ ಕೊಯ್ದು ತೆಗೆಯಬಹುದು. ಹೊಸದನ್ನು ಒಳಗೆ ಸೇರಿಸುವುದು ಹೇಗೆ? ಮಾಡನ್ನು ಒಂದೂವರೆ ಇಂಚು ಎತ್ತುವುದು ಆಗದ ಮಾತು, ಹಂಚು ಗೋಡೆ ಎರಡೂ ಬಿರಿಯುತ್ತವೆ. ಮಣೆಗಲ್ಲನ್ನು ಬೇರೆ ಮಾಡಿದ್ದು ಇದಕ್ಕಾಗಿಯೇ. ಕಂಬವನ್ನು ಕೆಳಗಿನ ಕಲ್ಲಿನ ಮೇಲೆ ನಿಲ್ಲಿಸಿ, ಮೇಲಕ್ಕೆತ್ತಿ ನಾಲಿಗೆಯನ್ನು ಗುಳಿಗೆ ಸೇರಿಸಿ, ಕೆಳಗೆ ಉಂಟಾಗುವ ಎರಡು ಇಂಚಿನ ಜಾಗಕ್ಕೆ ಮಣೆಯನ್ನು ಪಕ್ಕದಿಂದ ನೂಕುವುದು. ಆದರೆ ಕಾಲು ಜಾರದಿರಲು ಕಲ್ಲಿಗೂ ಕಂಬಕ್ಕೂ ನಡುವೆ ಒಂದು ಸರಳು ಬೇಕಲ್ಲ. ಸರಳು ಚಾಚಿಕೊಂಡಿದ್ದರೆ ಮಣೆ ಒಳಗೆ ಜಾರುವುದಿಲ್ಲ. ಎರಡು ದಿನ ನನಗೆ ಬಗೆಹರಿಯಲಿಲ್ಲ.

ಆಚಾರಿಯವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದರು: ಕಂಬದ ಕಾಲಿಗೆ ಆಳವಾದ ತೂತು ಕೊರೆ, ಸರಳನ್ನು ಪೂರ್ತಿ ಅದರೊಳಗೆ ನೂಕು, ಪಕ್ಕದಿಂದ ಸಣ್ಣ ತೂತಿನಲ್ಲಿ ದಾರ ಹಾಕಿ ಕಟ್ಟಿ ಹಿಡಿ. ಮಣೆ ಒಳಗೆ ಹೋಗಿ ತೂತಿಗೆ ತೂತು ಸೇರಿದ ಮೇಲೆ ದಾರ ಬಿಡು. ಸರಳು ತಾನೇ ಕೆಳಗೆ ಇಳಿದು ಅರ್ಧ ಕಲ್ಲಿನಲ್ಲಿ, ಅರ್ಧ ಮರದಲ್ಲಿ ನಿಲ್ಲುತ್ತದೆ. ಕೇಳಿದ ಮೇಲೆ ಇಷ್ಟೇನಾ ಅನಿಸುವಂಥದ್ದು. ಅವರ ತಂದೆಯ ಕಾಲದಿಂದ ದೊಡ್ಡ ಬಾಗಿಲುಗಳ ಚೌಕಟ್ಟಿಗೆ ಹೀಗೆ ಮಾಡುತ್ತಿದ್ದರಂತೆ. ಆ ಮಾತಿಗೆ ನಾನು ಎಷ್ಟು ಋಣಿ ಎಂದು ಅವರಿಗೆ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಎತ್ತಿದ ದಿನ

ಫೆಬ್ರವರಿ ಕೊನೆ. ಗಾಳಿ ಒಣಗಿ, ಮಳೆಯ ಭಯ ಇಲ್ಲದ ಹೊತ್ತು. ಕಂಬದ ಮೇಲೆ ಹಾದಿದ್ದ ದೀಪದ ವೈರಿಗೆ ಮೇನ್ ಆಫ್ ಮಾಡಿ ಬಿಚ್ಚಿದೆವು. ಎರಡೂ ಪಕ್ಕದ ಹಂಚುಗಳನ್ನು ಸಾಲಿಗೆ ಸೀಮೆಸುಣ್ಣದ ಗುರುತು ಹಾಕಿ ಇಳಿಸಿದೆವು. ಸುಮಾರು ಎಂಬತ್ತು ಹಂಚು, ಎರಡು ಒಡೆದವು.

ಎರಡು ತೊಲೆಗಳು ಸೇರುವುದು ಸರಿಯಾಗಿ ಕಂಬದ ನೆತ್ತಿಯಲ್ಲಿ, ಬೋದಿಗೆಯ ಮೇಲೆ. ಇದನ್ನು ಗಮನಿಸದೆ ಒಂದೇ ಪಕ್ಕಕ್ಕೆ ಊರೆ ಕೊಟ್ಟು ಕಂಬ ತೆಗೆದರೆ ಇನ್ನೊಂದು ಪಕ್ಕದ ತೊಲೆ ನೇರ ಕೆಳಗೆ ಬರುತ್ತದೆ. ಹಾಗಾಗಿ ಕಂಬದಿಂದ ಒಂದೂವರೆ ಅಡಿ ಆಚೆಗೊಂದು ಈಚೆಗೊಂದು, ಸೆಂಟ್ರಿಂಗ್‌ಗೆ ಬಳಸುವ ತಿರುಪಿನ ಉಕ್ಕಿನ ಊರೆಗಳನ್ನು ಬಾಡಿಗೆಗೆ ತಂದು ನಿಲ್ಲಿಸಿದೆವು. ಇಳಿಜಾರು ಮಾಡು ತೊಲೆಯನ್ನು ಕೆಳಕ್ಕೆ ಮಾತ್ರವಲ್ಲ, ಹೊರಕ್ಕೂ ನೂಕುತ್ತದೆ. ತೊಲೆಗೆ ನೈಲಾನ್ ಹಗ್ಗ ಸುತ್ತಿ ಒಳಗಿನ ಕಿಟಕಿಯ ಚೌಕಟ್ಟಿಗೆ ಅಡ್ಡ ಹಲಗೆ ಕೊಟ್ಟು ಬಿಗಿದೆವು. ಎತ್ತಲು ಹತ್ತು ಟನ್ನಿನ ಒಂದು ಹೈಡ್ರಾಲಿಕ್ ಜಾಕು ಮತ್ತು ಒಂದು ಗಟ್ಟಿ ತುಂಡು ಮರ. ಜಾಕು ಎತ್ತುವುದಕ್ಕೆ ಮಾತ್ರ, ಹಿಡಿದು ನಿಲ್ಲಿಸುವುದು ತಿರುಪಿನ ಊರೆ. ಹೈಡ್ರಾಲಿಕ್ ಜಾಕಿನ ಎಣ್ಣೆ ಸೋರಿ ತಾನಾಗಿ ಇಳಿಯಬಹುದು. ಅದನ್ನು ನಂಬಿ ಯಾರೂ ಕೆಳಗೆ ನಿಲ್ಲಬಾರದು.

ಮೊದಲ ಪ್ರಯತ್ನ ಕೆಟ್ಟಿತು. ಜಾಕನ್ನು ಸಣ್ಣ ಹಲಗೆಯ ಮೇಲಿಟ್ಟು ನಾಲ್ಕು ಸಲ ಒತ್ತಿದ್ದೇ ತಡ, ಟಪ್ ಎಂದು ಸದ್ದಾಗಿ ಟೈಲು ಒಡೆದು ಜಾಕು ಒಂದು ಇಂಚು ಕುಸಿಯಿತು. ಟೈಲಿನಡಿ ಗಾರೆ, ಗಾರೆಯಡಿ ಕಾವಿ ನೆಲ, ಅದರಡಿ ತುಂಬಿದ ಮಣ್ಣು ಅಷ್ಟೆ. ಮಾಡು ಇನ್ನೂ ಹಳೆ ಕಂಬದ ಮೇಲೆಯೇ ಇದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ತಮ್ಮನ ಕೈ ಜಾಕಿನ ಹಿಡಿಯ ಮೇಲಿತ್ತು ಎಂಬುದು ನೆನಪಾದರೆ ಈಗಲೂ ಮೈ ಬಿಸಿಯಾಗುತ್ತದೆ. ಎಲ್ಲ ಬಿಚ್ಚಿ, ನಾಲ್ಕಡಿ ಉದ್ದ, ಹತ್ತಿಂಚು ಅಗಲ, ಎರಡೂವರೆ ಇಂಚು ದಪ್ಪದ ಹಲಗೆಗಳನ್ನು ಊರೆ ಮತ್ತು ಜಾಕಿನ ಅಡಿಗೆ ಕೊಟ್ಟು ಮಾರನೆಯ ದಿನ ಮತ್ತೆ ಶುರುಮಾಡಿದೆವು.

ಎಷ್ಟು ಎತ್ತಬೇಕು? ತೊಲೆ 11 ಮಿ.ಮೀ. ಇಳಿದಿದೆ ಎಂದು 11ನ್ನೂ ವಾಪಸು ತರಬಾರದು ಎಂದು ನಿರ್ಧರಿಸಿದ್ದೆ. ಇಷ್ಟು ವರ್ಷದಲ್ಲಿ ರೀಪು, ಪಕಾಸಿ ಎಲ್ಲ ಆ ಬಾಗಿಗೆ ಹೊಂದಿಕೊಂಡಿರುತ್ತವೆ, ಬಲವಂತ ಮಾಡಿದರೆ ಮೊಳೆ ಕಿತ್ತು ಬರುತ್ತವೆ. 8 ಮಿ.ಮೀ. ಸಾಕು ಎಂದುಕೊಂಡು, ಮಣೆ ನೂಕಲು ಬೇಕಾದ ಸಡಿಲಕ್ಕೆ ಆ ಹೊತ್ತಿಗೆ ಮಾತ್ರ ಮೂರು ಸೇರಿಸಿ ಎತ್ತಿದೆವು. ಒಂದು ಸಲಕ್ಕೆ ಒಂದೆರಡು ಮಿ.ಮೀ., ಎತ್ತಿದಷ್ಟಕ್ಕೂ ಊರೆಯ ತಿರುಪು ಬಿಗಿ, ಐದು ನಿಮಿಷ ಸುಮ್ಮನೆ ಕೂತು ಮರದ ಸದ್ದು ಕೇಳುವುದು. ಮರ ನರಳುವ ಸದ್ದು ಸರಿ. ಚಟಕ್ ಎಂದರೆ ನಿಲ್ಲಿಸಬೇಕು. ಒಮ್ಮೆ ಚಟಕ್ ಎಂದಿತು. ಗೋಡೆಯ ಮೂಲೆಯಲ್ಲಿ ಸುಣ್ಣದ ಗಾರೆಯ ಒಂದು ಚಕ್ಕೆ ಎದ್ದಿತ್ತು, ಬೇರೇನಿಲ್ಲ. ಅಷ್ಟಕ್ಕೆ ಎರಡು ಗಂಟೆ ಹಿಡಿಯಿತು.

ಹಳೆ ಕಂಬವನ್ನು ನಡುವಿಗೆ ಕೊಯ್ದು ಎರಡಾಗಿ ತೆಗೆದೆವು. ಕೆಳಗಿನ ಭಾಗವನ್ನು ಎತ್ತಲು ಒಂದು ಕೈ ಸಾಕಾಯಿತು, ಅಷ್ಟು ಹಗುರ. ಮೇಲಿನ ಭಾಗವನ್ನು ಇಬ್ಬರು ಹಿಡಿದೆವು. ಆ ಕೊಯ್ತದಲ್ಲಿ ಹೆಬ್ಬಲಸಿನ ಚಿನ್ನದ ಬಣ್ಣ ಹಾಗೇ ಇತ್ತು. ಅಮ್ಮ ಅದನ್ನು ಸವರಿ ನೋಡಿ ಒಳಗೆ ಹೋದರು.

ಹೊಸ ಕಂಬ ಸೇರಿಸಿದ್ದು ಹತ್ತು ನಿಮಿಷದ ಕೆಲಸ. ತಮ್ಮ ಮತ್ತು ಪಕ್ಕದ ಮನೆಯವರು ಎತ್ತಿ ಹಿಡಿದರು. ನಾನು ಕೆಳಗಿನ ಕಲ್ಲಿಗೆ ಎಪಾಕ್ಸಿ ಅಂಟು ಬಳಿದು ಮಣೆಯನ್ನು ಗೆರೆಯಿಂದ ಗೆರೆಗೆ ನೂಕಿದೆ. ತೂಗುಗುಂಡು ಬಿಟ್ಟು ಎರಡು ಮುಖ ನೋಡಿ, ದಾರ ಕೊಯ್ದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಲ್ಲಿನೊಳಗೆ ಟಣ್ ಎಂದಿತು. ಆಚಾರಿಯವರು ತಲೆಯಾಡಿಸಿದರು. ಜಾಕನ್ನು ಇಳಿಸುತ್ತ ಬಂದ ಹಾಗೆ ಬೋದಿಗೆ ನಾಲಿಗೆಯ ಮೇಲೆ ಕೂತಿತು, ನೀರಿನ ಪೈಪಿನಲ್ಲಿ ನೋಡಿದರೆ ತೊಲೆ 3 ಮಿ.ಮೀ. ತಗ್ಗು. ಬೇಕೆಂದಷ್ಟೇ. ಅಂಟು ಪೂರ್ತಿ ಗಟ್ಟಿಯಾಗಲಿ ಎಂದು ಊರೆಗಳನ್ನು ಮೂರು ದಿನ ಬಿಟ್ಟೆವು.

ಬಣ್ಣ ಬಳಿಯಲಿಲ್ಲ. ಅಗಸೆ ಎಣ್ಣೆ ಎರಡು ಸಲ, ಅಷ್ಟೆ. ಎಣ್ಣೆಯ ಮೈ ವರ್ಷಕ್ಕೊಮ್ಮೆ ಕೇಳಿ ಉಪಚಾರ ಮಾಡಿಸಿಕೊಳ್ಳುತ್ತದೆ, ಆದರೆ ಒಳಗೆ ಏನಾಗುತ್ತಿದೆ ಎಂದು ಮುಚ್ಚಿಡುವುದಿಲ್ಲ. ಹೊನ್ನೆಯ ಕೆಂಪು, ಉಳಿದ ಮೂರು ಕಂಬಗಳ ಎನಾಮಲ್ ಕಂದಿನ ನಡುವೆ ಎದ್ದು ಕಾಣುತ್ತದೆ. ಬಂದವರು ಕೇಳುತ್ತಾರೆ. ಕೇಳಿದವರಿಗೆಲ್ಲ ಅವರ ಮನೆಯ ಕಂಬದ ಬುಡವನ್ನು ಒಮ್ಮೆ ಸ್ಕ್ರೂಡ್ರೈವರಿನಲ್ಲಿ ಒತ್ತಿ ನೋಡಲು ಹೇಳುತ್ತೇನೆ.

ಖರ್ಚು ಒಟ್ಟು ಹನ್ನೊಂದು ಸಾವಿರದ ಹತ್ತಿರ. ಅದರಲ್ಲಿ ದೊಡ್ಡ ಪಾಲು ಮರಕ್ಕೂ ಕಲ್ಲಿಗೂ.

ಉಳಿದ ಮೂರು

ಉಳಿದ ಮೂರು ಕಂಬಗಳ ಕಾಲೂ ಅದೇ ಗಾರೆಯಲ್ಲಿದ್ದವಲ್ಲ. ಮಾರ್ಚಿಯಲ್ಲಿ ಅವುಗಳ ಸುತ್ತ ಒಂದಂಗುಲ ಟೈಲು, ಗಾರೆ ಎರಡನ್ನೂ ಹಳೆ ಅಡಿಗಲ್ಲಿನ ಮಟ್ಟದವರೆಗೆ ಕೊಯ್ದು ತೆಗೆದೆ. ಒಂದನೆಯದು, ನಾಲ್ಕನೆಯದು ಗಟ್ಟಿಯಾಗಿದ್ದವು. ಮೂರನೆಯದರ ಅಂಚು ಅರ್ಧ ಇಂಚಿನಷ್ಟು ಮೆತ್ತಗಾಗಿತ್ತು, ಒಳಗೆ ಚೇಗು ಸರಿಯಾಗಿತ್ತು. ಮೆತ್ತಗಾದದ್ದನ್ನು ಉಳಿಯಿಂದ ಕೆರೆದು ಗೇರೆಣ್ಣೆ ಕುಡಿಸಿದೆ. ಹೀಗೆ ಸುತ್ತ ಕೊಯ್ದು ಸುಮ್ಮನೆ ಬಿಟ್ಟರೆ ಅದು ಕಂದಕವಾಗಿ ನೀರು ಹಿಡಿಯುತ್ತದೆ. ಕಂಬಗಳು ಜಗಲಿಯ ಅಂಚಿನಿಂದ ಒಂಬತ್ತೇ ಇಂಚು ಒಳಗಿರುವುದರಿಂದ ಪ್ರತಿಯೊಂದರಿಂದಲೂ ಅಂಗಳದ ಕಡೆಗೆ ಇಳಿಜಾರಿನ ಕಾಲುವೆ ಕೊಯ್ದೆ. ದೋಣಿಯ ಸೇರುವೆ ಸರಿಮಾಡಿಸಿದೆ. ಮೇ ಕೊನೆಯಲ್ಲಿ ಸೋಗೆ ತಟ್ಟಿ ಕಟ್ಟಿದೆವು. ಕಟ್ಟುವುದನ್ನು ಮರೆಯದೆ ಇದ್ದದ್ದು ಅಮ್ಮ ಒಬ್ಬರೇ, ಅವರು ಹೇಳಿದ ಹಾಗೆ ನಾವು ಹೆಣೆದೆವು.

ಪುನರ್ವಸು ಮಳೆ ಹಿಡಿದು ವಾರವಾದ ಮೇಲೆ ಮೀಟರು ತೆಗೆದುಕೊಂಡು ಕೂತೆ. ಅಂಥ ಹೊತ್ತಿನಲ್ಲಿ ಗಾಳಿಯೇ ನೀರಾಗಿರುತ್ತದೆ, ನೆನೆಯದ ಮರವೂ ಇಪ್ಪತ್ತು ತೋರಿಸುತ್ತದೆ. ಆದ್ದರಿಂದ ಒಂಟಿ ಅಂಕಿಗೆ ಬೆಲೆ ಇಲ್ಲ, ಅದೇ ಕಂಬದ ಕಾಲಿಗೂ ನಡುವಿಗೂ ಎಷ್ಟು ಅಂತರ ಎಂದು ನೋಡಬೇಕು. ಹೊಸ ಕಂಬ: ನಡುವಿನಲ್ಲಿ 19, ಕಾಲಿನಲ್ಲಿ 20. ಒಂದನೆಯದಕ್ಕೂ ನಾಲ್ಕನೆಯದಕ್ಕೂ ಅಂತರ ಮೂರರೊಳಗೆ. ಮೂರನೆಯದು ನಡುವಿನಲ್ಲಿ 20, ಕಾಲಿನಲ್ಲಿ 27. ಕಾಲುವೆ ಕೊಯ್ದದ್ದರಿಂದ ಅದಕ್ಕೆ ಸ್ವಲ್ಪ ಉಸಿರು ಬಂದಿದೆ, ಸಾಕಾಗಿಲ್ಲ. ಅದು ಇನ್ನೂ ನೆಲದ ಮಟ್ಟಕ್ಕಿಂತ ಕೆಳಗಿನ ಕಲ್ಲಿನ ಮೇಲೆಯೇ ನಿಂತಿದೆ. ಬರುವ ಫೆಬ್ರವರಿಯಲ್ಲಿ ಅದರ ಕಾಲನ್ನು ಹತ್ತು ಇಂಚು ಕೊಯ್ದು, ಹಳೆ ಕಂಬದ ಮೇಲ್ಭಾಗದಲ್ಲಿ ಉಳಿದ ಹೆಬ್ಬಲಸಿನಿಂದಲೇ ಹೊಸ ಕಾಲು ಬೆಸೆದು ಕಲ್ಲಿನ ಮೇಲೆ ಎತ್ತಿ ನಿಲ್ಲಿಸುವುದೆಂದು ಆಚಾರಿಯವರೊಂದಿಗೆ ಮಾತಾಗಿದೆ. ಮಣೆಗಲ್ಲಿಗೆ ಅಳತೆ ಕೊಟ್ಟು ಬಂದಿದ್ದೇನೆ. ಆ ಹೆಬ್ಬಲಸಿನ ತುಂಡನ್ನು ಅಟ್ಟದ ಮೇಲೆ, ಹೊಗೆ ತಾಗುವ ಕಡೆ, ತುದಿಗಳಿಗೆ ಎಣ್ಣೆ ಹಚ್ಚಿ ಮಲಗಿಸಿಟ್ಟಿದೆ.